ಮತ್ತೆ ಅಗಲ ಕುರ್ಚಿಗೆ

ಆ ಹೋಟೆಲಿನ ಯಜಮಾನರು ನಾಸಿಕದಿಂದ ನನ್ನನ್ನು ಹುಡುಕಿಕೊಂಡು ಬಂದದ್ದು ನಾನು ದೊಡ್ಡ ಸರ್ಜನ್ ಎಂದಲ್ಲ, ಕನ್ನಡ ಬರುತ್ತದೆ ಎಂದು. ಹೊಟ್ಟೆಯ ಕಷ್ಟವನ್ನು ಮರಾಠಿಯಲ್ಲಿ ಹೇಳಿ ಹೇಳಿ ಅವರಿಗೆ ಸಾಕಾಗಿತ್ತು. ಎಪ್ಪತ್ತರ ದಶಕದ ನಡುಭಾಗ. ನಾನಾಗ ಔರಂಗಾಬಾದಿನ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದ, ಒಂದು ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾಗಿದ್ದೆ. ನಾನು ಬೀದರ್ ಕಡೆಯವನು, ಅವರು ಉಡುಪಿ ಕಡೆಯವರು. ಅವರ ಕನ್ನಡ ನನಗೆ ಮುಕ್ಕಾಲು ತಿಳಿಯುತ್ತಿತ್ತು, ನನ್ನದು ಅವರಿಗೆ ಅರ್ಧ ತಿಳಿದಿದ್ದರೆ ಹೆಚ್ಚು.

ಬಸ್ಸಿನಲ್ಲಿ ಬಂದಿದ್ದರೆ ಬೇಗ ತಲುಪುತ್ತಿದ್ದರು. ಆದರೆ ಅವರು ಗಂಡ ಹೆಂಡತಿ ರೈಲಿನಲ್ಲಿ ಮನಮಾಡಕ್ಕೆ ಬಂದು, ಅಲ್ಲಿ ಸಣ್ಣ ರೈಲಿಗೆ ಬದಲಿಸಿ, ಸುತ್ತಿ ಬಳಸಿ ಬಂದಿದ್ದರು.

"ಬಸ್ಸಿನಲ್ಲಿ ಸಂಡಾಸ ಇಲ್ಲ ಅಲ್ವಾ ಡಾಕ್ಟ್ರೇ" ಎಂದರು ಅವರು. ರೋಗದ ಇತಿಹಾಸದಲ್ಲಿ ಅರ್ಧ ಆ ಒಂದು ಮಾತಿನಲ್ಲೇ ಇತ್ತು.

ಉಳಿದರ್ಧವನ್ನು ಹೊಟ್ಟೆಯ ಮೇಲಿನ ಉದ್ದನೆಯ ಗಾಯದ ಗುರುತು ಹೇಳಿತು. ಎರಡು ವರ್ಷದ ಹಿಂದೆ ಅವರು ವಿಪರೀತ ದಪ್ಪ ಇದ್ದರಂತೆ. ಗಲ್ಲಾದ ಹಿಂದೆ ಅವರಿಗೆಂದೇ ಮಾಡಿಸಿದ ಅಗಲ ಕುರ್ಚಿ. ಅದರಲ್ಲಿ ಕೂತರೆ ಗಿರಾಕಿ ದುಡ್ಡು ಕೊಡುವಷ್ಟರಲ್ಲಿ ನಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಅಡ್ಡಡ್ಡ ತಿರುಗಿ ನುಗ್ಗಬೇಕಾಗಿತ್ತು. ವಿದೇಶದಲ್ಲಿ ಕಲಿತು ಬಂದ ಮುಂಬಯಿಯ ಒಬ್ಬ ಸರ್ಜನ್ ಅವರ ಕರುಳನ್ನು ಮೇಲೆ ಒಂದು ಕಡೆ ಕತ್ತರಿಸಿ, ತುದಿಯನ್ನು ತೀರಾ ಕೆಳಗೆ, ದೊಡ್ಡ ಕರುಳಿನ ಹತ್ತಿರ ತಂದು ಜೋಡಿಸಿದ್ದರು. ನಡುವಿನ ಇಪ್ಪತ್ತು ಅಡಿ ಕರುಳು ಹೊಟ್ಟೆಯೊಳಗೇ ಕೆಲಸವಿಲ್ಲದೆ ಬಿದ್ದುಕೊಂಡಿರುತ್ತದೆ. ತಿಂದದ್ದು ಮೈಗೆ ಹತ್ತುವ ಮೊದಲೇ ಹೊರಗೆ. ಮೈ ಇಳಿಯುತ್ತದೆ, ನಿಜ. ಅದರ ಜೊತೆಗೆ ಇನ್ನೂ ಏನೇನು ಇಳಿಯುತ್ತದೆ ಎಂಬುದು ಆಗ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಅಂಥ ಆಪರೇಷನ್ ಬಗ್ಗೆ ನಾನು ಓದಿದ್ದೆ, ನೋಡಿರಲಿಲ್ಲ.

ತೆಳ್ಳಗಾದದ್ದರ ಬಗ್ಗೆ ಅವರಿಗೆ ಹೇಳತೀರದ ಹೆಮ್ಮೆ. "ಆ ಕುರ್ಚಿಯನ್ನು ಒಡೆಸಿ ಬಚ್ಚಲ ಒಲೆಗೆ ಹಾಕಿಸಿದೆ ಡಾಕ್ಟ್ರೇ. ಅದೇ ನೀರಲ್ಲಿ ಸ್ನಾನ ಮಾಡಿದೆ" ಎಂದರು. ಅದನ್ನು ಹೇಳುವಾಗ ಕೀಲುನೋವಿಗೆ ಮೊಣಕೈ ಹಿಡಿದುಕೊಂಡೇ ಇದ್ದರು. ದಿನಕ್ಕೆ ಹತ್ತಾರು ಸಲ ಭೇದಿ, ಕೂದಲು ಉದುರುವುದು, ಮೂತ್ರದಲ್ಲಿ ಒಂದು ಕಲ್ಲು ಬೇರೆ ಹೋಗಿತ್ತು. ಅವರಿಗೆ ಬೇಕಾದದ್ದು ಭೇದಿ ನಿಲ್ಲಿಸುವ ಮಾತ್ರೆ, ಅಷ್ಟೇ.

"ಮಾತ್ರಿ ಕೊಡ್ತೀನ್ರಿ. ಆದ್ರ ಇದು ಮಾತ್ರಿಯಿಂದ ನಿಲ್ಲೂದಲ್ಲ. ಆ ಜೋಡಣಿ ಬಿಚ್ಚಿ ಮೊದಲಿನಂಗ ಮಾಡಬೇಕಾಗ್ತದೇನೋ" ಎಂದೆ.

"ಅದೊಂದು ಬಿಟ್ಟು ಬೇರೆ ಎಂತ ಬೇಕಾದ್ರೂ ಹೇಳಿ" ಎಂದರು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನಾಲ್ಕು ತಿಂಗಳು ನಾನು ಹೇಳಿದ ಆಹಾರ. ಪೊಟ್ಯಾಸಿಯಂಗೆ ಬಾಳೆಹಣ್ಣು ಮತ್ತು ತರಕಾರಿ, ಮೈ ಕಟ್ಟಲು ಗಟ್ಟಿ ಬೇಳೆ, ಮೊಸರು, ಕೆನೆ ತೆಗೆದ ಹಾಲಿನ ಪುಡಿ. ತುಪ್ಪ, ಎಣ್ಣೆ ಆದಷ್ಟು ಕಡಿಮೆ. ಮೊಟ್ಟೆಯ ಹೆಸರೆತ್ತಿದ್ದಕ್ಕೆ ಅವರ ಹೆಂಡತಿ ಕುರ್ಚಿಯನ್ನೇ ಹಿಂದೆ ಸರಿಸಿದರು, ಅದನ್ನು ಬಿಟ್ಟೆ. ಇದರಿಂದ ಸುಧಾರಿಸಿದರೆ ಸರಿ, ಇಲ್ಲದಿದ್ದರೆ ಮರು ಆಪರೇಷನ್ನಿನ ಮಾತು. ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಆಗ ಆಷಾಢ ಶುರುವಾಗಿತ್ತು, ಹೊರಗೆ ಪಂಢರಪುರಕ್ಕೆ ಹೊರಟ ವಾರಕರಿಗಳ ತಾಳದ ಸದ್ದು ಕೇಳುತ್ತಿತ್ತು.

ಮೊದಲ ತಿಂಗಳು ಬಂದಾಗ ಕಾಲಿನ ಸ್ನಾಯುಗಳಲ್ಲಿ ಶಕ್ತಿಯೇ ಇರಲಿಲ್ಲ. ಇಸಿಜಿ ನೋಡಿದರೆ ಪೊಟ್ಯಾಸಿಯಂ ಕಡಿಮೆ ಎಂದು ಸ್ಪಷ್ಟ. ರಕ್ತದಲ್ಲಿ ಅದನ್ನು ಅಳೆಯುವ ಯಂತ್ರ ನಮ್ಮಲ್ಲಿ ಕೆಟ್ಟು ಕೂತಿತ್ತು, ನಾನು ಬಾಟಲಿಯಲ್ಲಿ ಔಷಧ ಕೊಟ್ಟು ಕಳಿಸಿದೆ. ಎರಡನೇ ತಿಂಗಳು ಸ್ನಾಯು ಸುಧಾರಿಸಿತ್ತು, ಆದರೆ ಮುಖ ಊದಿಕೊಂಡಂತಿತ್ತು. ಮೂರನೆಯ ತಿಂಗಳು ಪಾದವೂ ಊದಿತ್ತು. ಪ್ರತಿ ಸಲ ನಾನು ಕೇಳುತ್ತಿದ್ದೆ: "ನಾ ಹೇಳಿದ್ದು ತಿಂತೀರಿಲ್ರಿ?" ಪ್ರತಿ ಸಲ ಹೆಂಡತಿ ಹೇಳುತ್ತಿದ್ದರು: "ನಾನೇ ಕೈಯಾರೆ ಮಾಡಿ ಹಾಕ್ತೇನೆ ಡಾಕ್ಟ್ರೇ." ಅವರು ಮಾಡಿ ಹಾಕುತ್ತಿದ್ದುದು ನಿಜ. ಕಣ್ಣು ತುಂಬಿಕೊಂಡು ಹೇಳುವ ಆ ಹೆಂಗಸನ್ನು ಅನುಮಾನಿಸುವಷ್ಟು ಕಲ್ಲೆದೆ ನನಗಿರಲಿಲ್ಲ. ಹೀಗಾಗಿ ತಪ್ಪು ಕರುಳಿನದೇ ಎಂದು ನಂಬಿದೆ. ಇಷ್ಟು ತಿಂದರೂ ಮೈಗೆ ಹತ್ತುತ್ತಿಲ್ಲ ಎಂದರೆ ಉಳಿದ ಕರುಳು ಸಾಲುತ್ತಿಲ್ಲ ಎಂದೇ ಅರ್ಥ.

ದಸರಾ ಕಳೆದ ಮೇಲೆ ಅವರು ಬಂದದ್ದು ಬೇರೆಯೇ ರಾಗ ಹಾಡುತ್ತಾ. ಹೋಟೆಲಿನಲ್ಲಿ ಬಟಾಟೆ ಮೂಟೆ ತೂಗುವ ತಕ್ಕಡಿಯಲ್ಲಿ ವಾರವಾರ ತೂಕ ನೋಡಿಕೊಳ್ಳುತ್ತಿದ್ದರಂತೆ. ಮೂರು ತಿಂಗಳಿಂದ ಅದು ಏರುತ್ತಲೇ ಇತ್ತು.

"ಕರುಳು ಕಲಿತುಬಿಟ್ಟಿದೆ ಡಾಕ್ಟ್ರೇ, ಪುನಃ ಎಲ್ಲ ಹೀರ್ತಾ ಉಂಟು. ಇನ್ನೊಂದು ಗೇಣು ಕತ್ತರಿಸಿ ಬಿಡಿ. ಬೊಂಬಾಯಿಯವರೂ ಆಗ್ತದೆ ಅಂದಿದ್ದಾರೆ."

ದರ್ಜಿಗೆ ಪ್ಯಾಂಟು ಗಿಡ್ಡ ಮಾಡಲು ಹೇಳುವವರ ಹಾಗೆ ಕೇಳಿದರು. ನನಗೆ ಸಿಟ್ಟು ಬಂತು. ಅವರ ಕಾಲನ್ನು ಮೇಲಕ್ಕೆತ್ತಿ, ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಬೆರಳು ಹೋದಲ್ಲಿ ಗುಳಿ ಹಾಗೇ ನಿಂತಿತು.

"ನೋಡ್ರಿ. ಇದು ಕೊಬ್ಬಲ್ಲ, ನೀರು. ರಕ್ತದಾಗ ಪ್ರೋಟೀನ್ ಇಲ್ಲಂದ್ರ ನೀರು ಮೈಯಾಗ ಇಳೀತದ. ನೀವು ದಪ್ಪ ಆಗಾಕ ಹತ್ತಿಲ್ಲ, ಉಪವಾಸ ಸಾಯಾಕ ಹತ್ತೀರಿ."

"ಉಪವಾಸ ಇರುವವನ ತೂಕ ಏರ್ತದಾ ಮಾರಾಯ್ರೇ?" ಎಂದು ಅವರು ನಕ್ಕರು. ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂಬುದು ಅವರ ವ್ಯಾಪಾರದ ನಂಬಿಕೆ. ಅದರ ಮುಂದೆ ನನ್ನ ಹೆಬ್ಬೆರಳಿಗೆ ಏನು ಬೆಲೆ.

ಮುಂಬಯಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಲೈನು ಸಿಕ್ಕಾಗ ನನಗೆ ಬೇಕಾಗಿದ್ದದ್ದು ಎರಡೇ ವಿಷಯ: ಮೇಲಿನ ಕರುಳು ಎಷ್ಟು ಬಿಟ್ಟಿದ್ದೀರಿ, ಕೆಳಗಿನದು ಎಷ್ಟು? ಆ ಸರ್ಜನ್ ಅದಕ್ಕೆ ಉತ್ತರ ಕೊಡದೆ, ಇಂಥವು ನೀವೆಷ್ಟು ಮಾಡಿದ್ದೀರಿ ಎಂದು ನನ್ನನ್ನೇ ಕೇಳಿದರು. ಒಂದೂ ಇಲ್ಲ ಎಂದೆ. ಹಾಗಿದ್ದರೆ ರೋಗಿಯನ್ನು ಕಳಿಸಿಕೊಡಿ, ತೂಕ ಏರುತ್ತಿದ್ದರೆ ಸ್ವಲ್ಪ ಗಿಡ್ಡ ಮಾಡುತ್ತೇನೆ ಎಂದರು. ಅದು ನೀರು ಸ್ವಾಮೀ ಎಂದು ನಾನು ಕಿರುಚುತ್ತಿದ್ದಂತೆಯೇ ಲೈನು ಕಡಿದುಹೋಯಿತು. ನಾನು ರಿಸೀವರ್ ಕುಕ್ಕಿದ ರಭಸಕ್ಕೆ ಆಪರೇಟರ್ ಹುಡುಗಿ ಎದ್ದು ನಿಂತಳು.

ಹೋಟೆಲಿನವರು ಮುಂಬಯಿಗೇ ಹೋಗುವವರಿದ್ದರು. ತಡೆದವರು ಅವರ ಹೆಂಡತಿ. ಇಲ್ಲಿ ಒಂದು ವಾರ ಪರೀಕ್ಷೆ ಮಾಡಿಸದೆ ತಾನು ರೈಲು ಹತ್ತುವುದಿಲ್ಲ ಎಂದು ಕೂತುಬಿಟ್ಟರು. ದಾಖಲು ಮಾಡಿಕೊಂಡೆ. ಬೇರಿಯಂ ಕುಡಿಸಿ ಎಕ್ಸ್-ರೇ ತೆಗೆದೆವು. ಸಾಮಾನ್ಯರ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಸುತ್ತುವ ಆ ಬಿಳಿ ದ್ರವ ಇವರಲ್ಲಿ ಎರಡನೇ ಫಿಲ್ಮಿಗೇ ದೊಡ್ಡ ಕರುಳು ಸೇರಿತ್ತು. ಮೇಲೆ ಒಂದೂವರೆ ಗೇಣಿನಷ್ಟು, ಕೆಳಗೆ ಅರ್ಧ ಗೇಣಿನಷ್ಟು, ಅದೇ ಅವರ ಒಟ್ಟು ಬಂಡವಾಳ. ಇನ್ನೂ ಒಂದು ಗೇಣು ಕತ್ತರಿಸಿದರೆ ಅದರಲ್ಲೂ ಅರ್ಧ ಹೋಗುತ್ತಿತ್ತು.

ಆಹಾರ ಸೋತಿದೆ, ಇನ್ನು ಬಿಚ್ಚಿ ಜೋಡಿಸುವುದೊಂದೇ ದಾರಿ ಎಂದು ಅವರಿಗೆ ಖಡಾಖಂಡಿತವಾಗಿ ಹೇಳಿ ನಮ್ಮ ಅರಿವಳಿಕೆ ತಜ್ಞೆಯ ಬಳಿಗೆ ಹೋದೆ. ಆಕೆ ಪುಣೆಯ ಕಡೆಯ ಹೆಂಗಸು, ಮಾತು ಕಡಿಮೆ. ರಕ್ತದ ವರದಿ ನೋಡಿ, "ಟಾಕೇ ಟಿಕಣಾರ್ ನಾಹೀತ್" ಎಂದರು. ಹೊಲಿಗೆ ಹಿಡಿಯುವುದಿಲ್ಲ. ಪ್ರೋಟೀನ್ ಇಷ್ಟು ಕಡಿಮೆ ಇರುವ ಮೈಯಲ್ಲಿ ಕರುಳಿನ ಜೋಡಣೆ ಬಿಟ್ಟುಕೊಳ್ಳುತ್ತದೆ, ಹೊಟ್ಟೆಯ ಗಾಯ ಒಡೆಯುತ್ತದೆ. ಅದು ನನಗೂ ಗೊತ್ತಿತ್ತು, ಇನ್ನೊಬ್ಬರ ಬಾಯಿಂದ ಕೇಳಬೇಕಾಗಿರಲಿಲ್ಲ. ಆಪರೇಷನ್ ಮಾಡಿದರೆ ಸಾಯುತ್ತಾರೆ, ಮಾಡದಿದ್ದರೆ ನಿಧಾನಕ್ಕೆ ಸಾಯುತ್ತಾರೆ, ಮುಂಬಯಿಗೆ ಹೋದರೆ ಬೇಗ ಸಾಯುತ್ತಾರೆ. ಯಾವುದನ್ನು ಹಿಡಿದರೂ ಕೈಗೆ ಬರುವುದು ಅದೇ.

ಆ ಸಿಟ್ಟಿನಲ್ಲೇ ವಾರ್ಡಿನ ಹಿಂದಿನ ವರಾಂಡ ದಾಟುತ್ತಿದ್ದೆ. ರೋಗಿಗಳ ಮನೆಯವರು ಸೀಮೆಎಣ್ಣೆ ಸ್ಟೋ ಇಟ್ಟುಕೊಂಡು ಅಡುಗೆ ಮಾಡುವ ಜಾಗ ಅದು. ಹೋಟೆಲಿನವರ ಹೆಂಡತಿ ಬಡಿಸಲು ತಟ್ಟೆ ಸಿದ್ಧ ಮಾಡುತ್ತಿದ್ದರು. ಅನ್ನ, ತೆಳ್ಳನೆಯ ಸಾರು, ಸುವರ್ಣಗೆಡ್ಡೆಯ ಪಲ್ಯ. ಪಾತ್ರೆಯಲ್ಲಿ ಸೌಟು ಆಡಿಸಿ ನೋಡಿದೆ. ತಳದಲ್ಲಿ ಏನೂ ಇರಲಿಲ್ಲ.

"ಬ್ಯಾಳಿ ಎಲ್ಲಿ ಅದ ರೀ ಅಮ್ಮ?"

"ಈಗ ಬೇಳೆ ಹಾಕ್ಲಿಕ್ಕಿಲ್ಲ ಅಲ್ವಾ ಡಾಕ್ಟ್ರೇ, ದ್ವಿದಳ ವ್ರತ" ಎಂದರು ಅವರು, ಇದೇನು ಕೇಳುತ್ತೀರಿ ಎಂಬ ಹಾಗೆ.

ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಆಷಾಢದ ಏಕಾದಶಿಯಿಂದ ಕಾರ್ತಿಕದ ಏಕಾದಶಿಯವರೆಗೆ ಚಾತುರ್ಮಾಸ್ಯ. ಮೊದಲ ತಿಂಗಳು ಹಣ್ಣು ತರಕಾರಿ ಇಲ್ಲ. ಎರಡನೆಯದು ಮೊಸರಿಲ್ಲ. ಮೂರನೆಯದು ಹಾಲಿಲ್ಲ. ನಾಲ್ಕನೆಯದು ಬೇಳೆಕಾಳಿಲ್ಲ. ಮೊದಲು ಗಂಡ ಹೋಟೆಲಿನ ಗಡಿಬಿಡಿಯಲ್ಲಿ ಈ ವ್ರತ ಹಿಡಿದವರಲ್ಲ. ಮುಂಬಯಿಯಲ್ಲಿ ಆಪರೇಷನ್ ಮೇಜಿಗೆ ಹೋಗುವ ಮೊದಲು, ಮೈ ಇಳಿಸಿಕೊಡು ದೇವರೇ, ಬದುಕಿರುವಷ್ಟು ವರ್ಷ ಚಾತುರ್ಮಾಸ್ಯ ಬಿಡುವುದಿಲ್ಲ ಎಂದು ಹೇಳಿಕೊಂಡಿದ್ದರಂತೆ.

ನಾನು ಅಲ್ಲೇ ವರಾಂಡದ ಕಟ್ಟೆಯ ಮೇಲೆ ಕೂತೆ. ನಮ್ಮ ಮನೆಯಲ್ಲಿ ಶ್ರಾವಣ ಸೋಮವಾರ ಒಂದು ಹೊತ್ತು ಬಿಟ್ಟರೆ ಮುಗಿಯಿತು. ಹೀಗೆ ತಿಂಗಳಿಗೊಂದು ಆಹಾರ ಬಿಡುವ ಕ್ರಮ ಇದೆ ಎಂದು ಬೀದರಿನಲ್ಲಿ ಬೆಳೆದ ನನಗೆ ಯಾರು ಹೇಳಬೇಕು? ನಾನು ಹೇಳಿದ್ದು ನಾಲ್ಕು ಬಗೆ. ಅವರು ಭಕ್ತಿಯಿಂದ ತಿಂಗಳಿಗೊಂದು ಬಗೆಯನ್ನು ಬಿಟ್ಟಿದ್ದರು. ಹಣ್ಣು ತರಕಾರಿ ಬಿಟ್ಟ ತಿಂಗಳು ಸ್ನಾಯು ಸೋತಿತು, ಮೊಸರು ಬಿಟ್ಟ ತಿಂಗಳು ಮುಖ ಊದಿತು, ಹಾಲು ಬಿಟ್ಟಾಗ ಪಾದ. ನಾಲ್ಕು ತಿಂಗಳ ಪರೀಕ್ಷೆ ಎಂದು ನಾನು ನಂಬಿಕೊಂಡದ್ದು ಪರೀಕ್ಷೆಯೇ ಆಗಿರಲಿಲ್ಲ.

"ಮೊದಲ ಯಾಕ ಹೇಳಲಿಲ್ರಿ?" ನನ್ನ ದನಿ ಏರಿತ್ತು.

"ನೀವು ಹೇಳಿದ್ದನ್ನೆಲ್ಲ ಕೊಟ್ಟಿದ್ದೇನೆ ಡಾಕ್ಟ್ರೇ. ಆಯಾ ತಿಂಗಳು ಬಿಡುವುದನ್ನು ಬಿಟ್ಟು" ಎಂದರು ಆಕೆ. "ಚಾತುರ್ಮಾಸ್ಯ ಯಾರಿಗೆ ಗೊತ್ತಿಲ್ಲ?"

ಗೊತ್ತಿಲ್ಲದವನು ಎದುರಿಗೇ ಕೂತಿದ್ದೆ. ಅವರು ಮುಚ್ಚಿಟ್ಟಿರಲಿಲ್ಲ, ಸುಳ್ಳೂ ಹೇಳಿರಲಿಲ್ಲ. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ನನಗೆ ಹಗುರ ಆಗುತ್ತಿತ್ತು.

ವ್ರತ ಮುರಿಯಿರಿ ಎಂದು ಗಂಡನಿಗೆ ಹೇಳಿ ನೋಡಿದೆ. "ಏಕಾದಶಿಗೆ ಇನ್ನೆಷ್ಟು ದಿನ ಉಂಟು? ದಡಕ್ಕೆ ಬಂದವನನ್ನು ತಿರುಗಿ ನೀರಿಗೆ ನೂಕ್ತೀರಲ್ಲ" ಎಂದರು. ಅವರ ಜೊತೆ ಗುದ್ದಾಡಿ ಪ್ರಯೋಜನವಿರಲಿಲ್ಲ. ಹಾಗಾದರೆ ಈ ತಿಂಗಳು ಏನು ನಡೆಯುತ್ತದೆ ಎಂದು ಹೆಂಡತಿಯನ್ನು ಕೇಳಿದೆ. ಹಾಲು ನಡೆಯುತ್ತದೆ, ಮೊಸರು ನಡೆಯುತ್ತದೆ. ಅಷ್ಟು ಸಾಕಾಗಿತ್ತು. ಪೇಟೆಯಲ್ಲಿ ಶ್ರೀಖಂಡಕ್ಕೆಂದು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರಿಳಿಸಿದ ಚಕ್ಕಾ ಮಾಡುತ್ತಾರೆ. ಕೆನೆ ತೆಗೆದ ಹಾಲಿನ ಚಕ್ಕಾ ಬೇಕು, ಸಕ್ಕರೆ ಬೇಡ ಎಂದು ಡೈರಿಯವನಿಗೆ ಹೇಳಿ ದಿನವೂ ತರಿಸಿದೆ. ಎರಡೆರಡು ಗಂಟೆಗೆ ಎರಡೆರಡು ಚಮಚ. ಜೊತೆಗೆ ನರಕ್ಕೆ ಪ್ಲಾಸ್ಮಾ, ವಿಟಮಿನ್ ಕೆ ಚುಚ್ಚುಮದ್ದು. ಕಾರ್ತಿಕ ಏಕಾದಶಿ ಕಳೆದು ಪಾರಣೆ ಆದದ್ದೇ ತಡ, ಗಟ್ಟಿ ಬೇಳೆಯೂ ಸೇರಿತು.

ನೀರು ಇಳಿಯತೊಡಗಿತು. ಮೂತ್ರದ ಬಾಟಲಿಗಳು ತುಂಬಿದವು, ತೂಕ ಜರ್ರನೆ ಜಾರಿತು. ಮೊದಲೆರಡು ದಿನ ಅವರಿಗೆ ಖುಷಿಯೋ ಖುಷಿ. ಆಮೇಲೆ ಒಂದು ಬೆಳಿಗ್ಗೆ ಸುತ್ತು ಬರುವಾಗ ಅವರು ಪಂಚೆ ಮೇಲೆತ್ತಿ ಮಂಚದ ಅಂಚಿಗೆ ಕೂತು ತಮ್ಮ ಕಾಲನ್ನೇ ನೋಡುತ್ತಿದ್ದರು. ಊತ ಹೋದ ಮೇಲೆ ಉಳಿದದ್ದು ಮೂಳೆ, ಅದರ ಮೇಲೆ ಜೋತುಬಿದ್ದ ಚರ್ಮ.

"ಡಾಕ್ಟ್ರೇ, ಇದು ಯಾರ ಕಾಲು?" ಎಂದರು.

ತಕ್ಕಡಿ ಅಡಗಿಸಿಟ್ಟದ್ದನ್ನು ಅವರು ಈಗ ಕಣ್ಣಾರೆ ಕಂಡಿದ್ದರು.

ಇಷ್ಟಾದರೂ ಜೋಡಿಸುವ ಮಾತಿಗೆ ಅವರು ಸಿದ್ಧರಿರಲಿಲ್ಲ, ಅವರ ವಾದದಲ್ಲಿ ಹುರುಳೂ ಇತ್ತು. ಆಹಾರದ ಪರೀಕ್ಷೆ ಈಗಷ್ಟೇ ಶುರುವಾಗಿದೆ, ನಾಲ್ಕು ತಿಂಗಳು ಸರಿಯಾಗಿ ತಿಂದು ನೋಡುತ್ತೇನೆ ಎಂದರು. ನ್ಯಾಯವಾದ ಮಾತು. ನಾನೂ ಒಪ್ಪುತ್ತಿದ್ದೆನೇನೋ. ಆದರೆ ಯಕೃತ್ತಿನ ಮೇಲೆ ನನಗೆ ಸಂಶಯವಿತ್ತು. ಪಕ್ಕೆಯಿಂದ ಉದ್ದ ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದೆ. ಬರಿಯ ಕೊಬ್ಬು ತುಂಬಿದ್ದರೆ ಕಾಯಬಹುದಿತ್ತು. ಆದರೆ ಕೊಬ್ಬಿನ ನಡುವೆ ಗಟ್ಟಿ ಎಳೆಗಳು ಹಬ್ಬಲು ಶುರುವಾಗಿದ್ದವು. ಆ ಎಳೆ ಹಬ್ಬುತ್ತಾ ಹೋದರೆ ಯಕೃತ್ತು ತಿರುಗಿ ಬರುವುದಿಲ್ಲ.

ನಾನು ಸ್ಟೂಲು ಎಳೆದುಕೊಂಡು ಅವರ ಹತ್ತಿರ ಕೂತೆ. ಗಿಡ್ಡ ಮಾಡಿದರೆ ಏನಾಗುತ್ತದೆ, ಹಾಗೇ ಬಿಟ್ಟರೆ ಏನು, ಸ್ವಲ್ಪ ಮಾತ್ರ ಉದ್ದ ಮಾಡಿದರೆ ಏನು, ಪೂರ್ತಿ ಬಿಚ್ಚಿದರೆ ಏನು, ಎಲ್ಲ ಹೇಳಿದೆ. ಸ್ವಲ್ಪ ಉದ್ದ ಮಾಡುವುದು ಅವರಿಗೆ ಹಿಡಿಸಿತು. ಆದರೆ ಅದರಿಂದ ಭೇದಿ ಕಡಿಮೆಯಾದರೂ ಮೂತ್ರದಲ್ಲಿ ಕಲ್ಲಾಗುವುದು ನಿಲ್ಲುತ್ತದೆ, ಯಕೃತ್ತು ಉಳಿಯುತ್ತದೆ ಎಂದು ನನ್ನಿಂದ ಹೇಳಲಾಗಲಿಲ್ಲ. ಇನ್ನೊಂದು ಸಲ ಆ ಹೊಟ್ಟೆ ತೆರೆಯುವ ಧೈರ್ಯವೂ ನನಗಿಲ್ಲ, ಮಾಡಿದರೆ ಒಂದೇ ಸಲ ಪೂರ್ತಿ ಮಾಡುತ್ತೇನೆ ಎಂದೆ.

"ಒಂದು ಕೇಳ್ತೇನೆ, ಸುಳ್ಳು ಹೇಳ್ಬೇಡಿ" ಎಂದರು. "ಪುನಃ ಮೊದಲಿನ ಹಾಗೆ ಆಗ್ತೇನಾ?"

"ಆಗ್ತೀರಿ" ಎಂದೆ. "ಊಟದ ಮ್ಯಾಲ ಎಷ್ಟು ಹಿಡಿತ ಇಟ್ರೂ ಭಾಳ ಮಟ್ಟಿಗೆ ಆಗ್ತೀರಿ."

ಅವರು ಗೋಡೆಯ ಕಡೆ ತಿರುಗಿದರು. ಆಮೇಲೆ ನನಗೆ ಹಿಂದೆಂದೂ ಹೇಳಿರದ ಒಂದು ವಿಷಯ ಹೇಳಿದರು. ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ಒಮ್ಮೆ ಜಾರಿ ಬಿದ್ದು ಏಳಲಾಗಲಿಲ್ಲವಂತೆ. ನಾಲ್ಕು ಜನ ಕೂಲಿಗಳು ಎತ್ತಿ ಸಾಮಾನಿನ ಕೈಗಾಡಿಯಲ್ಲಿ ಹಾಕಿ ತಳ್ಳಿಕೊಂಡು ಹೋದರು. ಪ್ಲಾಟ್‌ಫಾರ್ಮು ಪೂರ್ತಿ ಜನ ನಿಂತು ನೋಡಿದರು, ನಕ್ಕರು. ಅವರ ಹೋಟೆಲಿನಲ್ಲೇ ದಿನಾ ಇಡ್ಲಿ ತಿನ್ನುವವರೂ ಆ ಗುಂಪಿನಲ್ಲಿದ್ದರು. "ಆ ದಿನವೇ ತೀರ್ಮಾನ ಮಾಡಿದ್ದು, ಸತ್ತರೂ ಪರ್ವಾಗಿಲ್ಲ, ಪುನಃ ಆ ಗಾಡಿ ಹತ್ತುವುದಿಲ್ಲಾಂತ."

ಅವರಿಗೆ ಉತ್ತರ ಹೇಳುವ ಯೋಗ್ಯತೆ ಆ ಕೋಣೆಯಲ್ಲಿ ಒಬ್ಬರಿಗೇ ಇತ್ತು. ಮಂಚದ ಕಾಲ ಬಳಿ ನಿಂತಿದ್ದ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ನನಗೆ ನೀವು ಕೈಗಾಡಿಯಲ್ಲಿ ಬಂದ್ರೂ ಅಡ್ಡಿಲ್ಲ. ಮನೆಗೆ ಬಂದ್ರೆ ಸಾಕು."

ಅವರು ತಿರುಗಲಿಲ್ಲ. ಗೋಡೆಯ ಕಡೆಯಿಂದಲೇ "ಜೋಡಿಸಿ" ಎಂದರು.

ರಕ್ತದ ಪ್ರೋಟೀನ್ ಅರಿವಳಿಕೆಯವರಿಗೆ ಒಪ್ಪಿಗೆಯಾಗುವ ಮಟ್ಟಕ್ಕೆ ಬರಲು ಸಂಕ್ರಾಂತಿ ದಾಟಿತು. ಹೊಟ್ಟೆ ತೆರೆದಾಗ ಎಲ್ಲ ಒಂದಕ್ಕೊಂದು ಅಂಟಿಕೊಂಡಿತ್ತು. ಅಂಟು ಬಿಡಿಸುವುದರಲ್ಲೇ ಅರ್ಧ ಬೆಳಗು ಹೋಯಿತು. ಕೆಲಸದಲ್ಲಿದ್ದ ಕರುಳು ದಪ್ಪಗೆ ಹಿಗ್ಗಿತ್ತು, ಕೆಲಸವಿಲ್ಲದೆ ಬಿದ್ದದ್ದು ನನ್ನ ಕಿರುಬೆರಳಿಗಿಂತ ಸಪೂರವಾಗಿತ್ತು. ದಪ್ಪ ಬಾಯಿಗೆ ಸಣ್ಣ ಬಾಯಿ ಕೂರಿಸಬೇಕು. ಸಣ್ಣದರ ತುದಿಯನ್ನು ಓರೆಯಾಗಿ ಸೀಳಿ ಅಗಲಿಸಿ, ಒಳಗೆ ಕ್ಯಾಟ್‌ಗಟ್, ಹೊರಗೆ ರೇಷ್ಮೆ, ಎರಡು ಪದರ ಹೊಲಿದೆ. ಕೆಳಗಿನ ಜೋಡಣೆ ಬಿಚ್ಚಿದ ಜಾಗವನ್ನು ಮುಚ್ಚಿದೆ. ಹಳದಿ ತಿರುಗಿದ ಯಕೃತ್ತನ್ನು ಅರಿವಳಿಕೆಯವರೂ ಬಗ್ಗಿ ನೋಡಿದರು. ಆಮೇಲಿನ ದಿನಗಳಲ್ಲಿ ಗಾಯದ ಮೇಲಿನ ಭಾಗ ಕೀವಾಗಿ ನಮ್ಮನ್ನು ಗೋಳಾಡಿಸಿತು. ಆದರೆ ಒಳಗಿನ ಹೊಲಿಗೆ ಹಿಡಿಯಿತು. ಅವರು ಬಸ್ಸಿನಲ್ಲೇ ನಾಸಿಕಕ್ಕೆ ಹೋದರು.

ಕೆಲವು ವರ್ಷ ಕಳೆದು, ಒಂದು ಮಳೆಗಾಲದ ಕೊನೆಗೆ ನಾಸಿಕಕ್ಕೆ ಹೋದವನು ಅವರ ಹೋಟೆಲು ಹೊಕ್ಕೆ. ಗಲ್ಲಾದ ಹಿಂದೆ ಅವರು ಇದ್ದರು. ಎದ್ದು ಬರಲಿಲ್ಲ. ಏಳುವುದು ಸುಲಭವಿಲ್ಲ ಎಂದು ದೂರದಿಂದಲೇ ತಿಳಿಯುತ್ತಿತ್ತು.

"ನೋಡಿ ಡಾಕ್ಟ್ರೇ, ಹೊಸ ಕುರ್ಚಿ" ಎಂದರು, ನಮಸ್ಕಾರವೂ ಇಲ್ಲದೆ. "ಹಿಂದಿನದಕ್ಕಿಂತ ಅಗಲ. ಬಡಗಿ ಅಳತೆ ತೆಗೆದ ದಿನ ನಿಮ್ಮ ಹೆಸರು ಹಿಡಿದು ಬೈದಿದ್ದೇನೆ."

"ಬೈರಿ" ಎಂದೆ. "ಬೈಯಾಕ ಇದ್ದೀರಲ್ಲ, ನನಗ ಅಷ್ಟ ಸಾಕು."

ಅವರು ನಗಲಿಲ್ಲ. ಆ ಸಿಟ್ಟು ನಾಟಕದ್ದಲ್ಲ. ನಾನು ಅವರಿಂದ ಕಿತ್ತುಕೊಂಡದ್ದೇನು ಎಂದು ನನಗೆ ಗೊತ್ತಿತ್ತು, ಅದಕ್ಕೆ ಬದಲಾಗಿ ಏನು ಕೊಟ್ಟೆ ಎಂದು ಅವರಿಗೂ ಗೊತ್ತಿತ್ತು. ಲೆಕ್ಕ ಸರಿಹೋಗಿದೆ ಎಂದು ಇಬ್ಬರೂ ಹೇಳುವ ಹಾಗಿರಲಿಲ್ಲ.

ಹೆಂಡತಿ ಒಳಗಿನಿಂದ ಬಂದು ಎದುರಿಗೆ ಕೂರಿಸಿ ತಾವೇ ದೋಸೆ ತಂದಿಟ್ಟರು. ನಿಮ್ಮದೂ ತನ್ನಿ ಎಂದರೆ, ತಮಗೆ ಬೇಡ, ಉದ್ದು ಹಾಕಿದ್ದು ಎಂದರು. ಬೇಳೆಕಾಳು ಬಿಡುವ ಆಶ್ವೀಜದ ದಿನಗಳು ಎಂದು ಆಗ ಹೊಳೆಯಿತು.

"ಇನ್ನೂ ಚಾತುರ್ಮಾಸ್ಯ ನಡದದೇನ್ರಿ?" ಗಲ್ಲಾದ ಕಡೆ ಕೈ ತೋರಿಸಿದೆ. "ಅವರು ತೆಳ್ಳಗಾಗಿದ್ದೂ ಹೋಯ್ತು. ಹರಕಿ ಇನ್ಯಾತಕ್ಕ?"

"ಅದು ಅವರ ಹರಕೆ, ಮುಗೀತು. ಅವರಿಗೆ ನಾನು ಬೇಳೆ ಬಿಡ್ಲಿಕ್ಕೆ ಬಿಡುವುದಿಲ್ಲ" ಎಂದರು ಆಕೆ, ದನಿ ತಗ್ಗಿಸಿ. "ನೀವು ಹೊಟ್ಟೆ ತೆರೆದ ದಿನ ಹೊರಗೆ ಕೂತು ನಾನೊಂದು ಹೇಳ್ಕೊಂಡಿದ್ದೆ. ಇದು ನಂದು."

ಗಲ್ಲಾದ ಹಿಂದೆ ಅಗಲ ಕುರ್ಚಿ ಕಿರುಗುಟ್ಟಿತು. ಡಾಕ್ಟರಿಗೆ ಇನ್ನೊಂದು ದೋಸೆ ಹಾಕು ಎಂದು ಅವರು ಅಲ್ಲಿಂದಲೇ ಸಿಟ್ಟಿನಲ್ಲಿ ಕೂಗಿದರು.